ಮೇಜಿನ ಸರದಿ

"ಪಾದ ನೆಟ್ಟಗೆ ಮಾಡೋ. ಹದಿನಾಲ್ಕು ವರ್ಷದಿಂದ ಇದೊಂದೇ ಮಾತು ಹೇಳಿ ಹೇಳಿ ನನ್ನ ಹಲ್ಲು ಉದುರಿತು, ನಿನ್ನ ಪಾದ ನೆಟ್ಟಗಾಗ್ಲಿಲ್ಲ," ಎಂದು ಪಟ್ಟಿ ಮಾವ ಗದರಿದ.

ಏಣಿ ನಕ್ಕು ಪಾದವನ್ನು ಮೇಲಕ್ಕೆಳೆದುಕೊಂಡ. ರೆಕ್ಸಿನ್ ಹೊದಿಸಿದ ಆ ಮೇಜಿನ ಒಂದು ತುದಿಗೆ ಒರಗಿ ಕುಳಿತರೂ ಅವನ ಕಾಲು ಇನ್ನೊಂದು ತುದಿಯಾಚೆ ಮೊಳದುದ್ದ ಚಾಚಿಕೊಳ್ಳುತ್ತಿತ್ತು. ತಂಡಕ್ಕೆ ಸೇರಿದ ಹೊಸದರಲ್ಲಿ, ಎಲ್ಲಿ ಬಲ್ಬು ಕೆಟ್ಟರೂ ಬದಲಿಸಲು ಇವನನ್ನೇ ಕೂಗುತ್ತಿದ್ದರು. ಆಗ ಅಂಟಿಕೊಂಡ ಹೆಸರು ಅದು. ಈಗ ಅದೇ ಹೆಸರನ್ನು ಹೊರಗೆ ಆರು ಸಾವಿರ ಜನ ಕಾಲು ಕುಟ್ಟುತ್ತ ಕೂಗುತ್ತಿದ್ದರು. ಗೋಡೆಯಾಚೆಯಿಂದ ಬಂದ ಆ ಸದ್ದಿಗೆ ತಟ್ಟೆಯಲ್ಲಿದ್ದ ಕತ್ತರಿ ಸಣ್ಣಗೆ ಅದುರುತ್ತಿತ್ತು. ಇವತ್ತು ಅವನ ಕೊನೆಯ ಬ್ಯಾಸ್ಕೆಟ್‌ಬಾಲ್ ಆಟ. ಆಟ ಮುಗಿದ ಮೇಲೆ ಅವನ ಹನ್ನೊಂದನೇ ನಂಬರಿನ ಅಂಗಿಯನ್ನು ಹಗ್ಗ ಕಟ್ಟಿ ಛಾವಣಿಗೆ ಏರಿಸುತ್ತಾರೆ. ಆಮೇಲೆ ಈ ತಂಡದಲ್ಲಿ ಆ ನಂಬರು ಇನ್ನಾರಿಗೂ ಇಲ್ಲ.

"ಅಣ್ಣಾ, ಬೇಗ ಇಳಿ! ನಮಗೂ ಕಾಲು ಇವೆ!" ಬಾಗಿಲಾಚೆ ಸಾಲುಗಟ್ಟಿದ್ದ ಹುಡುಗರಲ್ಲೊಬ್ಬ ಕೂಗಿದ.

"ನಿನ್ನ ಕಾಲು ಬೆಂಚಿನ ಮೇಲಿರೋ ಕಾಲು, ಅದಕ್ಕೇನು ಅವಸರ?" ಎಂದು ಮಾವ ತಿರುಗಿಯೂ ನೋಡದೆ ಉತ್ತರ ಕೊಟ್ಟ. ಹೊರಗೆಲ್ಲ ನಗು.

ಆ ಮೇಜಿಗೆ ಒಂದು ಸರದಿಯಿತ್ತು. ತಂಡದಲ್ಲಿ ಹಿರಿಯನಾದವನು ಮೊದಲು ಕಾಲು ಕೊಡಬೇಕು, ಆಮೇಲೆ ಅವನಿಗಿಂತ ಕಿರಿಯ, ಹೀಗೆ ಇಳಿಯುತ್ತ ಕೊನೆಗೆ ಹೊಸಬ. ಯಾರು ಮಾಡಿದ ಕಾನೂನೋ, ಮ್ಯಾನೇಜರುಗಳು ಬದಲಾದರು, ಕೋಚುಗಳು ಬದಲಾದರು, ಸರದಿ ಬದಲಾಗಲಿಲ್ಲ. ಮೂವತ್ತು ವರ್ಷಗಳಿಂದ ಮಾವ ಅದೇ ಸರದಿಯಲ್ಲಿ ಆಟಗಾರರ ಕಣಕಾಲಿಗೆ ಬಿಳಿ ಟೇಪು ಸುತ್ತುತ್ತ ಬಂದಿದ್ದ. ಹಿಮ್ಮಡಿಯ ಕೆಳಗಿನಿಂದ ಎಳೆದು, ಪಾದದ ಮೇಲೆ ಅಡ್ಡ ಹಾಯಿಸಿ, ಮತ್ತೆ ಹಿಂದಕ್ಕೆ. ಅವನು ಕಟ್ಟಿದ ಕಾಲು ಉಳುಕಿದ್ದು ಒಂದೇ ಒಂದು ಸಲ.

"ಭಾಷಣ ಬರ್ಕೊಂಡ್ಯಾ?"

"ಬರ್ಕೊಂಡೆ ಮಾವ. ನಮ್ಮ ಹಳೇ ಕ್ಯಾಪ್ಟನ್ ಬಗ್ಗೇನೂ ಎರಡು ಮಾತು ಇದೆ."

ಮಾವ ಟೇಪನ್ನು ಹಲ್ಲಿನಿಂದ ಪರ್‍ರನೆ ಹರಿದ. "ಹೇಳು, ಹೇಳು. ಸತ್ತವನ ಮೇಲೆ ನಂಗೇನೂ ಕೋಪ ಇಲ್ಲ. ಬದುಕಿದ್ದಾಗ ಪಟ್ಟಿದ್ದೇ ಸಾಕಾಗಿದೆ."

ಏಣಿಯ ಕಣ್ಣು ಗೋಡೆಯ ಕಪಾಟಿನತ್ತ ಹೋಯಿತು. ಮೇಲಿನ ಹಲಗೆಯಲ್ಲಿ, ಔಷಧದ ಬಾಟಲಿಗಳ ಹಿಂದೆ, ಕಾಗದ ಬಿಚ್ಚದ ಒಂದು ಟೇಪಿನ ಸುರುಳಿ ಇತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ '9' ಎಂದು ಬರೆದಿತ್ತು. ಒಂಬತ್ತು ಕ್ಯಾಪ್ಟನ್ನನ ನಂಬರು. ಟೇಪು ಮುಗಿದು ಎಲ್ಲರೂ ಪರದಾಡಿದ ದಿನಗಳಲ್ಲೂ ಮಾವ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅದು ಒಣಗಿದೆ ಕಣೋ," ಎನ್ನುತ್ತಿದ್ದ. ಒಣಗಿದ್ದನ್ನು ಎಸೆಯುತ್ತಲೂ ಇರಲಿಲ್ಲ.

ಕ್ಯಾಪ್ಟನ್ ಮತ್ತು ಮಾವ ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಬಸ್ಸಿನಲ್ಲಿ ಒಂದೇ ಸೀಟು. ಒಬ್ಬನ ಮಗಳ ಹೆರಿಗೆಗೆ ಇನ್ನೊಬ್ಬ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. "ನಿಮ್ಮಿಬ್ಬರಿಗೆ ಮದುವೆ ಮಾಡಿಬಿಡೋಣ," ಎಂದು ಕ್ಯಾಪ್ಟನ್ನನ ಹೆಂಡತಿಯೇ ರೇಗಿಸುತ್ತಿದ್ದಳು.

ಹದಿಮೂರು ವರ್ಷದ ಹಿಂದಿನ ಆ ಮಧ್ಯಾಹ್ನ, ಉಗ್ರಾಣದ ಬೀಗದ ಕೈ ಮ್ಯಾನೇಜರನ ಜೇಬಿನಲ್ಲಿತ್ತು, ಮ್ಯಾನೇಜರ್ ಎಲ್ಲೋ ದಾರಿಯಲ್ಲಿ ಸಿಕ್ಕಿಕೊಂಡಿದ್ದ. ಏಣಿ ಕೋಣೆಗೆ ಇಣುಕಿದಾಗ ಟೇಪಿನ ಡಬ್ಬದಲ್ಲಿದ್ದದ್ದು ಒಂದೇ ಹೊಸ ಸುರುಳಿ, ಉಳಿದದ್ದೆಲ್ಲ ಹಳೆಯ ತುಂಡುಗಳು. ಒಂದೂವರೆ ವರ್ಷದಿಂದ ಬೆಂಚು ಸವೆಸಿದ್ದ ಹುಡುಗ ಅವನು. ಅವತ್ತು ಅವನ ಬಲಗಾಲು ನೋಯುತ್ತಿತ್ತು. ಆಡಿಸಿದರೆ ಎಂಬ ಆಸೆ, ಆಡಿಸಿದಾಗ ಕಾಲು ಕೈಕೊಟ್ಟರೆ ಎಂಬ ಭಯ. ಸರದಿಯಲ್ಲಿ ಅವನೇ ಕೊನೆಯವನು. ಮೇಜು ಹತ್ತಿ ಕುಳಿತು ಹೇಳಿದ್ದ: "ಮೊದಲು ನನಗೆ ಕಟ್ಟಬೇಕಂತೆ ಮಾವ. ಕ್ಯಾಪ್ಟನ್ನೇ ಕಳಿಸಿದ್ರು."

ಅಷ್ಟೇ. ಎರಡು ಸಾಲಿನ ಮಾತು.

ಸರದಿಯಲ್ಲಿ ಮೊದಲಿಗನಾದ ಕ್ಯಾಪ್ಟನ್ ಬಂದಾಗ ತುಂಡುಗಳೇ ಗತಿಯಾದವು. ಅವನು ಅಭ್ಯಾಸದ ಚೆಂಡು ಕುಟ್ಟುತ್ತ, ಯಾರ ಜೊತೆಗೋ ಹರಟುತ್ತ ಕಾಲು ಕೊಟ್ಟ, ನೋಡಲಿಲ್ಲ. ಆಟದ ಎರಡನೇ ಕ್ವಾರ್ಟರಿನಲ್ಲಿ ಜಿಗಿದು ಇಳಿದವನು ಏಳಲಿಲ್ಲ. ಸ್ಟ್ರೆಚರ್ ಓಣಿಗೆ ಬಂದಾಗ ಬಿಚ್ಚಿ ಜೋತಾಡುತ್ತಿದ್ದ ತುಂಡುಗಳನ್ನು ನೋಡಿ, "ಹೊಸ ಸುರುಳಿ ಏನಾಯ್ತೋ? ಆ ಹುಡುಗನಿಗೆ ಕೊಟ್ಟೆಯಾ? ನನ್ನ ಕಥೆ ಮುಗೀತು ಅಂತ ಆಗಲೇ ಲೆಕ್ಕ ಹಾಕ್ಕೊಂಡ್ಯಾ?" ಎಂದು ಕಿರುಚಿದ್ದ.

"ನೀನೇ ಕಳಿಸ್ದೆಯಲ್ಲೋ ಅವನ್ನ!"

"ನಾನು ಯಾರನ್ನೂ ಕಳಿಸಿಲ್ಲ!"

ಮಾವ ಗೋಡೆಗೊರಗಿ ನಿಂತಿದ್ದ ಏಣಿಯ ಕಡೆ ತಿರುಗಿ, "ನೀನಾದ್ರೂ ಹೇಳೋ," ಎಂದ. ಅದೇ ಹೊತ್ತಿಗೆ ಅಂಕಣದಿಂದ ಕೋಚ್ ಕೂಗಿದ: "ಏಣೀ! ಒಳಗೆ ಬಾ!" ಏಣಿ ಓಡಿಬಿಟ್ಟ.

ಅವತ್ತು ಅವನು ಮೂವತ್ತೊಂದು ಅಂಕ ಗಳಿಸಿದ. ಮರುದಿನದ ಪೇಪರುಗಳಲ್ಲಿ ಅವನದೇ ಫೋಟೊ. ಆಮೇಲೆ ಎರಡು ಸಲ ತಂಡಕ್ಕೆ ಕಪ್ ಬಂತು, ಮಕ್ಕಳು ಪುಸ್ತಕದ ರಟ್ಟಿನ ಮೇಲೆ ಅವನ ಚಿತ್ರ ಅಂಟಿಸಿಕೊಂಡರು, ದೊಡ್ಡ ದೊಡ್ಡ ತಂಡಗಳು ಕರೆದವು. ಅವನು ಹೋಗಲಿಲ್ಲ. ಜನ ಅದನ್ನು ನಿಷ್ಠೆ ಎಂದರು. ಅವನಿಗೋ, ಈ ಸೀಸನ್ ಮುಗಿಯಲಿ, ಮಾವನಿಗೆ ಹೇಳಿಯೇ ಹೋಗುತ್ತೇನೆ ಎನಿಸುತ್ತಿತ್ತು. ಪ್ರತಿ ಸೀಸನ್ನೂ ಮುಗಿಯಿತು. ಹೋದ ವರ್ಷ ಕ್ಯಾಪ್ಟನ್ನೂ ಮುಗಿದ, ಎದೆನೋವು ಬಂದು ಒಂದೇ ದಿನದಲ್ಲಿ.

"ಮಾವ, ಅವತ್ತು ಕ್ಯಾಪ್ಟನ್ ನನ್ನನ್ನ ಕಳಿಸಿರಲಿಲ್ಲ," ಎಂದ ಏಣಿ ಈಗ.

ಮಾವನ ಕೈ ಸುತ್ತುತ್ತಲೇ ಇತ್ತು. "ಯಾವತ್ತು?"

"ನೀವು ತುಂಡು ಕಟ್ಟಿದ ದಿನ. ಡಬ್ಬದಲ್ಲಿ ಒಂದೇ ಸುರುಳಿ ಇರೋದು ನೋಡ್ದೆ. ಸುಳ್ಳು ಹೇಳ್ದೆ."

ಕೈ ನಿಂತಿತು. ಅರ್ಧ ಬಿಚ್ಚಿದ ಟೇಪು ಕಣಕಾಲಿಗೂ ಬೆರಳಿಗೂ ನಡುವೆ ಬಿಗಿಯಾಗಿ ಉಳಿಯಿತು. ಹೊರಗೆ ಜನ ಹೆಸರು ಕೂಗುವುದನ್ನು ಬಿಟ್ಟು ಲಯಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

"ಮೂರು ಸಲ ಹೇಳ್ದ ಅವನು," ಎಂದ ಮಾವ. "ಸ್ಟ್ರೆಚರ್ ಮೇಲೆ ಒಂದ್ಸಲ. ಆಸ್ಪತ್ರೇಲಿ ಒಂದ್ಸಲ. ಆಮೇಲೆ ಮನೆ ಬಾಗಿಲಿಗೆ ಬಂದು, ಕೋಲು ಊರ್ಕೊಂಡು. ನಾನು ಬಾಗಿಲು ಹಾಕ್ಕೊಂಡೆ."

"ಮಾವ..."

"ಅವನ ಹೆಂಡತಿ ಫೋನ್ ಮಾಡಿದ್ಲು ಹೋದ ವರ್ಷ. ಅಣ್ಣಾ, ಕೊನೇ ಸಲ ಮುಖ ನೋಡೋಕಾದ್ರೂ ಬನ್ನಿ ಅಂದ್ಲು." ಅವನು ಟೇಪನ್ನು ಕತ್ತರಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ಎಂದಿನ ಹಾಗೆ ಪಾದಕ್ಕೆ ಒಂದು ಏಟು ಕೊಡಲಿಲ್ಲ. "ಬಿಗಿ ಸರಿ ಇದೆಯಾ?"

"ಸರಿ ಇದೆ. ಮಾವ, ಇವತ್ತು ಮೈಕಿನಲ್ಲಿ ಎಲ್ಲರ ಮುಂದೆ ಹೇಳ್ತೀನಿ."

"ಅವರಿಗೆ ಯಾಕೋ? ಅವರೇನು ಬಾಗಿಲು ಹಾಕ್ಕೊಂಡಿದ್ರಾ?"

"ಏಣೀ! ಒಳಗೆ ಬಾ!" ಓಣಿಯ ತುದಿಯಿಂದ ಕೋಚ್ ಕೂಗಿದ. ಈಗಿನ ಕೋಚ್ ಬೇರೆ, ಕೂಗು ಅದೇ.

ಏಣಿ ಮೇಜಿನಿಂದ ಇಳಿದ, ಆದರೆ ಕದಲಲಿಲ್ಲ.

"ಹೋಗು. ಕರೀತಿದಾರೆ."

ಸಾಲಿನಲ್ಲಿದ್ದ ಹುಡುಗರು ಅವನ ಬೆನ್ನು ತಟ್ಟಿ ದಾರಿ ಬಿಟ್ಟರು. ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದ. ಸರದಿಯಲ್ಲಿ ಎರಡನೆಯವನು ಮೇಜಿನ ಮೇಲೆ ಕಾಲು ಚಾಚಿ ಕಾಯುತ್ತಿದ್ದ. ಮಾವ ಅವನಿಗೆ ಬೆನ್ನು ಮಾಡಿ ಕಪಾಟಿನ ಮುಂದೆ ನಿಂತಿದ್ದ. ಒಂಬತ್ತು ಬರೆದ ಸುರುಳಿಯ ಕಾಗದ ಬಿಚ್ಚಿ, ಟೇಪಿನ ತುದಿಯನ್ನು ತನ್ನ ಎಡಗೈಯ ಮಣಿಕಟ್ಟಿಗೆ ಸುತ್ತಿದ. ಅದು ಅಂಟದೆ ಜಾರಿ ನೆಲಕ್ಕೆ ಇಳಿಬಿತ್ತು. ಅವನು ಅದನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮತ್ತೆ ಮೊದಲಿನಿಂದ ಸುತ್ತತೊಡಗಿದ.