ಮೂರನೇ ಬೇಸಿನವರೆಗೆ

ಕಾಸಿಲ್ದಾ ಗೇಟಿನ ಬೀಗವನ್ನು ಅಂಗೈಯಲ್ಲಿ ಎತ್ತಿ ಹಿಡಿದು ನೋಡಿದಳು. ಹೊಸದು. ನಲವತ್ತೊಂದು ವರ್ಷ ಈ ಗೇಟಿನ ಕೀಲಿಕೈ ಅವಳ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು. ಈಗಲೂ ತೂಗುತ್ತಿದೆ, ಆದರೆ ಅದು ಈ ಬೀಗದ್ದಲ್ಲ. ಅವಳ ಹಿಂದೆ ಹನ್ನೊಂದು ಗಂಟೆಯ ಬಿಸಿಲಲ್ಲಿ ಆರು ಜನ ಗಂಡಸರು ಅವಳ ಗಂಡನ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು. ಅವರ ಹಿಂದೆ ಅರ್ಧ ಊರು ನಿಂತಿತ್ತು.

"ಇಳಿಸೋಣವಾ, ದೋನ್ಯಾ?" ಮುಂದಿನ ಎಡಗಡೆ ಹೆಗಲು ಕೊಟ್ಟಿದ್ದ ಕ್ಷೌರದಂಗಡಿಯ ಇಲಾರಿಯೊ ಕೇಳಿದ.

"ಭಾರ ಆದ್ರೆ ಇನ್ನೊಬ್ಬರಿಗೆ ಬಿಟ್ಟುಕೊಡು. ಬೀದಿಲಿ ಇಳಿಸೋದಕ್ಕೆ ಅವರೇನು ಆಲೂಗಡ್ಡೆ ಮೂಟೆ ಅಲ್ಲ."

"ಭಾರ ಏನು ಬಂತು. ಮೂವತ್ತಾರು ವರ್ಷದಿಂದ ನಮ್ಮ ತಂಡದ ಸೋಲು ಹೊತ್ತುಕೊಂಡು ತಿರುಗ್ತಿರೋ ಹೆಗಲು ಇದು."

ಯಾರೋ ನಕ್ಕರು. ಕಾಸಿಲ್ದಾ ನಗಲಿಲ್ಲ.

ಸಾನ್ ತೆಲ್ಮೊದಲ್ಲಿ ಬೆಳ್ಳಕ್ಕಿ ಬೇಸ್‌ಬಾಲ್ ತಂಡದ ಅಂಗಿ ತೊಟ್ಟವನು ಸತ್ತರೂ, ಅದರ ಮೈದಾನದಲ್ಲಿ ಬೆವರು ಸುರಿಸಿದವನು ಸತ್ತರೂ, ಹೆಣ ನೇರ ಸ್ಮಶಾನಕ್ಕೆ ಹೋಗುವುದಿಲ್ಲ. ಮೊದಲು ಕ್ರೀಡಾಂಗಣಕ್ಕೆ ಹೋಗಬೇಕು. ಹೆಗಲ ಮೇಲೆಯೇ ಒಂದನೇ ಬೇಸು, ಎರಡನೆಯದು, ಮೂರನೆಯದು, ಕೊನೆಗೆ ಹೋಮ್ ಪ್ಲೇಟು. ಓಟಗಾರ ಸುತ್ತಿ ಬಂದು ಮುಟ್ಟಿದರೆ ಒಂದು ರನ್ನು ಕೊಡುವ ಆ ಐದು ಮೂಲೆಯ ಬಿಳಿ ರಬ್ಬರಿನ ಹಲಗೆಯ ಮೇಲೆ ಪೆಟ್ಟಿಗೆ ಇಳಿಸುತ್ತಾರೆ. ಯಾರಾದರೊಬ್ಬ ಅಂಪೈರು ಎರಡೂ ತೋಳು ಅಗಲಕ್ಕೆ ಚಾಚಿ ಸೇಫ್, ಅಂದರೆ ಔಟಾಗದೆ ಮುಟ್ಟಿದ, ಎಂದು ತೋರಿಸಬೇಕು. ಆಮೇಲೆ ಪಾದ್ರಿಯ ಸರದಿ. ಮೈದಾನ ನೋಡಿಕೊಳ್ಳುತ್ತಿದ್ದ ಅವಳ ಗಂಡ ಫೆರ್ಮಿನ್ ಇಂಥ ಹದಿನೇಳು ಪೆಟ್ಟಿಗೆಗಳಿಗೆ ನೆಲ ಹದ ಮಾಡಿ ಕೊಟ್ಟಿದ್ದ. ಹದಿನೆಂಟನೆಯದು ಅವನದೇ, ಅದಕ್ಕೆ ಬೀಗ.

ಗೇಟಿನ ಒಳಗೆ ಕಾವಲಿನ ನೊಲಾಸ್ಕೊ ಟೋಪಿ ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಇಪ್ಪತ್ತು ವರ್ಷ ಫೆರ್ಮಿನನ ಕೈಕೆಳಗೆ ನೀರು ಚಿಮುಕಿಸಿದವನು.

"ಕೀ ನನ್ನ ಹತ್ರ ಇಲ್ಲ, ದೋನ್ಯಾ. ರಿಂಕೋನ್ ಸಾಹೇಬ್ರು ಬರ್ತಾ ಇದಾರೆ. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ."

"ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ದಂಡ ಮಾಡೋಷ್ಟು ಸಿಟ್ಟಿಲ್ಲ ನನ್ನ ಹತ್ರ," ಎಂದಳು ಕಾಸಿಲ್ದಾ. "ಅವನಿಗೇ ಸಾಲದು."

*

ಫೆರ್ಮಿನನಿಗೆ ಬ್ಯಾಟು ಹಿಡಿಯಲು ಬರುತ್ತಿರಲಿಲ್ಲ. ಚೆಂಡು ಎಸೆದರೆ ಅದು ಅವನ ಕಾಲಬುಡದಲ್ಲೇ ಬೀಳುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಮಣ್ಣು. ಬೆಳಗ್ಗೆ ಹಿಮ್ಮಡಿಯಿಂದ ನೆಲ ಒತ್ತಿ ನೋಡಿ, ಇಂದು ಎಷ್ಟು ಕೊಡ ನೀರು ಬೇಕು ಎಂದು ಹೇಳುತ್ತಿದ್ದ.

ಪ್ರತಿ ವರ್ಷ ಅಕ್ಟೋಬರಿನಲ್ಲಿ, ಪಂದ್ಯಗಳು ಶುರುವಾಗುವ ಮೊದಲು, ತಂಡ ಅಭ್ಯಾಸಕ್ಕೆ ಇಳಿದ ಮೊದಲ ದಿನ ಸಂಜೆ ಇಲಾರಿಯೊನ ಕ್ಷೌರದಂಗಡಿ ತುಂಬಿಹೋಗುತ್ತಿತ್ತು. ಪತ್ರಿಕೆಯವರು ಏನೇ ಬರೆಯಲಿ, ರೇಡಿಯೋದವರು ಏನೇ ಕೂಗಲಿ, ಈ ವರ್ಷ ತಂಡದ ಗತಿ ಏನು ಎಂಬುದನ್ನು ಸಾನ್ ತೆಲ್ಮೊದ ಜನ ಕೇಳುತ್ತಿದ್ದದ್ದು ಫೆರ್ಮಿನನ ಬಾಯಿಂದ. ಅವನು ಆಟಗಾರರ ಆಟ ನೋಡುತ್ತಿರಲಿಲ್ಲ. ಅವರು ಹೋದ ಮೇಲೆ ಕುಂಟೆ ಎಳೆಯುವ ಮೊದಲು ಅವರ ಹೆಜ್ಜೆಗಳನ್ನು ನೋಡುತ್ತಿದ್ದ.

"ಎರಡನೇ ಬೇಸಿನ ಹುಡುಗ ಎಡಗಾಲು ಊರ್ತಾ ಇಲ್ಲ. ಮಂಡಿ ಹೋಗಿದೆ, ಮುಚ್ಚಿಡ್ತಾ ಇದಾನೆ," ಎನ್ನುತ್ತಿದ್ದ. "ಆ ಹೊಸಬ ಅಮೆರಿಕದವನು ಹಿಮ್ಮಡಿ ಮೇಲೆ ನಿಲ್ತಾನೆ. ಕ್ರಿಸ್ಮಸ್ ಹೊತ್ತಿಗೆ ಊರಿಗೆ ಹೋಗ್ತಾನೆ, ಬರೆದಿಟ್ಟುಕೊಳ್ಳಿ."

"ಹಾಗಾದ್ರೆ ಒಟ್ಟಿನಲ್ಲಿ?"

"ಒಟ್ಟಿನಲ್ಲಿ ಇಪ್ಪತ್ತು ಗೆಲ್ತೀವಿ, ಮೂವತ್ತು ಸೋಲ್ತೀವಿ."

ಐವತ್ತು ಪಂದ್ಯ ಮುಗಿದಾಗ ಲೆಕ್ಕ ಎರಡು ಮೂರರ ಆಚೀಚೆ ಇರುತ್ತಿತ್ತು. ಜನ ಅವನನ್ನು ಶಪಿಸುತ್ತಿದ್ದರು, ಮರುವರ್ಷ ಮತ್ತೆ ಕೇಳಲು ಬರುತ್ತಿದ್ದರು. ಕಾಸಿಲ್ದಾಳಿಗೆ ಮಾತ್ರ ಮನೆಯಲ್ಲಿ ಬೇರೆ ಮಾತು ಹೇಳುತ್ತಿದ್ದ. ದೀಪ ಆರಿಸುವ ಮುಂಚೆ, ನಾಚಿಕೊಂಡವನಂತೆ, "ಈ ಸಲ ಒಂದು ಕೈ ನೋಡಬಹುದು ಕಣೇ," ಎನ್ನುತ್ತಿದ್ದ. ನಲವತ್ತೊಂದು ವರ್ಷವೂ ಅದನ್ನೇ ಹೇಳಿದ್ದ.

ಈ ಮೇ ತಿಂಗಳಲ್ಲಿ ರಾಜಧಾನಿಯ ಹೊಸ ಮಾಲೀಕರು ಮೈದಾನದ ಕೆಂಪು ಮಣ್ಣನ್ನೆಲ್ಲ ಬಗೆದು ಲಾರಿಯಲ್ಲಿ ಸಾಗಿಸಿ ಪ್ಲಾಸ್ಟಿಕ್ಕಿನ ಹಸಿರು ಹಾಸು ಹಾಕಿಸಿದರು. ಮಣ್ಣಿಲ್ಲದ ಮೇಲೆ ಮಣ್ಣಿನವನು ಯಾಕೆ? ಫೆರ್ಮಿನನಿಗೆ ಒಂದು ಕಾಗದ ಬಂತು, ಕಾಗದದ ಜೊತೆಗೆ ಒಂದು ಟೋಪಿ. ಟೋಪಿ ಅವನ ತಲೆಗೆ ಚಿಕ್ಕದಾಗಿತ್ತು. ಹೋದ ವಾರ ಇಲಾರಿಯೊ ಮನೆಗೇ ಬಂದು ಹಾಸಿಗೆ ಹಿಡಿದವನ ಪಕ್ಕ ಕುಳಿತು ಈ ವರ್ಷದ ಗತಿ ಕೇಳಿದ. ಫೆರ್ಮಿನ್ ಗೋಡೆ ಕಡೆ ಹೊರಳಿದ.

"ಏನಂತ ಹೇಳಲಿ ಮಾರಾಯ. ಹೆಜ್ಜೆನೇ ಮೂಡಲ್ಲ ಅದರ ಮೇಲೆ."

*

ರಿಂಕೋನ್ ಬಂದ. ಮೂವತ್ತೈದರ ಆಸುಪಾಸಿನ ಮ್ಯಾನೇಜರು, ಬಿಳಿ ಬೂಟು. ಬೀಗ ತೆಗೆಯಲಿಲ್ಲ. ಕಂಬಿಗಳ ನಡುವಿನಿಂದ ಕೈ ತೂರಿಸಿ ಕಾಸಿಲ್ದಾಳ ಕೈ ಹಿಡಿದುಕೊಂಡ.

"ತುಂಬಾ ದುಃಖ ಆಯ್ತಮ್ಮ. ದೋನ್ ಫೆರ್ಮಿನ್ ನಮ್ಮ ಕುಟುಂಬದವರೇ. ಆದ್ರೆ ಇವತ್ತು ಕಷ್ಟ. ನಾಳೆ ಹೊಸ ತಂಡದ ಪರಿಚಯ ಕಾರ್ಯಕ್ರಮ, ಒಳಗೆಲ್ಲ ಸ್ಟೇಜ್ ಕಟ್ಟಿದೀವಿ. ಮೂರು ಜನ ಹಾಡುಗಾರರು ಬರ್ತಿದಾರೆ."

"ಹಾಡುಗಾರರು ಮೂರು ಜನ," ಇಲಾರಿಯೊ ಹೆಗಲ ಮೇಲಿನ ಪೆಟ್ಟಿಗೆಗೆ ವರದಿ ಒಪ್ಪಿಸುವವನಂತೆ ಹೇಳಿದ. "ಚೆಂಡು ಎಸೆಯೋ ಪಿಚರ್ ಒಬ್ಬನೂ ಇಲ್ಲ. ಕೇಳಿಸ್ತಾ, ಫೆರ್ಮಿನ್?"

"ಇದ್ದ ಒಬ್ಬ ಎಡಗೈಯವನನ್ನೂ ಮಾರ್ಕೊಂಡ್ರಲ್ಲ," ಎಂದರು ಯಾರೋ ಹಿಂದಿನಿಂದ.

"ಈ ವರ್ಷ ಪ್ಲೇಆಫ್ ಗ್ಯಾರಂಟಿ," ಎಂದ ರಿಂಕೋನ್. ಬಾಯಿಪಾಠದ ಮಾತು. ಶವದ ಮುಂದೆ ಆಡಬಾರದಿತ್ತು ಎಂದು ಅವನಿಗೇ ಅನ್ನಿಸಿರಬೇಕು, ಬೂಟು ನೋಡಿಕೊಂಡ.

ಕಾಸಿಲ್ದಾ ಕೈ ಹಿಂದಕ್ಕೆ ಎಳೆದುಕೊಂಡಳು. "ಹೋದ ವರ್ಷ ಹದಿನೈದು ಗೆದ್ರಿ. ನನ್ನ ಗಂಡ ಹದಿನಾರು ಅಂದಿದ್ರು. ಒಂದು ಹೆಚ್ಚಿಗೆ ಹೇಳಿದ್ದು ನಿಮ್ಮ ಮೇಲಿನ ಮರ್ಯಾದೆಗೆ. ಬೀಗ ತೆಗೀರಿ. ಈ ಬಿಸಿಲಲ್ಲಿ ಹೆಣ ಕಾಯ್ತಾ ಕೂರಲ್ಲ."

ಅರ್ಧ ಊರು ಗೇಟಿನ ಕಡೆ ಒಂದು ಹೆಜ್ಜೆ ಮುಂದೆ ಬಂತು. ಯಾರೂ ಕೂಗಲಿಲ್ಲ. ರಿಂಕೋನ್ ಜನರನ್ನು ನೋಡಿದ, ಜೇಬಿನಿಂದ ಕೀ ತೆಗೆದ. ತೆಗೆಯುತ್ತಲೇ ಹೇಳಿದ: "ಸುತ್ತು ಹಾಕಿ, ಬೇಡ ಅನ್ನಲ್ಲ. ಆದ್ರೆ ಹೋಮ್ ಪ್ಲೇಟ್ ಸ್ಟೇಜಿನ ಕೆಳಗಿದೆ. ಮೂರನೇ ಬೇಸಿನವರೆಗೆ ಹೋಗಿ ಬನ್ನಿ. ಮುಕ್ಕಾಲು ಭಾಗ ಆಯ್ತಲ್ಲ?"

ಮುಕ್ಕಾಲು ಭಾಗ. ಒಬ್ಬ ಮನುಷ್ಯನ ನಲವತ್ತೊಂದು ವರ್ಷಕ್ಕೆ ಮುಕ್ಕಾಲು ಭಾಗ ಸಾಕು ಎಂದು ಈ ಬಿಳಿ ಬೂಟಿನವನು ನಿಂತಲ್ಲೇ ತೀರ್ಮಾನ ಮಾಡಿಬಿಟ್ಟ. ಕಾಸಿಲ್ದಾ ಮಗಳು ಯುದೆಲ್ಕಾಳ ಕಡೆ ತಿರುಗಿದಳು.

"ಇಲಾರಿಯೊನ ಬೈಕ್ ತಗೊಂಡು ಮನೆಗೆ ಹೋಗು. ಹಿತ್ತಲಲ್ಲಿ ಬಟ್ಟೆ ತೊಟ್ಟಿ ಮುಂದೆ ನಾನು ಮಂಡಿ ಊರೋದು ಇದೆಯಲ್ಲ, ಅದನ್ನ ಕಿತ್ತು ತಗೊಂಡು ಬಾ."

ಯುದೆಲ್ಕಾ ಎರಡನೇ ಸಲ ಕೇಳಲಿಲ್ಲ. ಅದೇನೆಂದು ಆ ಮನೆಯಲ್ಲಿ ಹುಟ್ಟಿದವಳಿಗೆ ಗೊತ್ತಿತ್ತು.

*

ಮೂವತ್ತಾರು ವರ್ಷದ ಹಿಂದೆ ಬೆಳ್ಳಕ್ಕಿಗಳು ಒಂದೇ ಒಂದು ಸಲ ಅಂತಿಮ ಪಂದ್ಯದ ಕೊನೆಯ ಸುತ್ತಿನವರೆಗೆ ಹೋಗಿದ್ದರು, ಅದೂ ತಮ್ಮ ಮೈದಾನದಲ್ಲೇ. ಒಂದು ರನ್ನು ಬಂದರೆ ಸಮ. ಓಟಗಾರ ಮೂರನೇ ಬೇಸಿನಿಂದ ಓಡಿ ಬಂದು ಎದೆ ಮೇಲೆ ಜಾರಿ ಹೋಮ್ ಪ್ಲೇಟಿಗೆ ಕೈ ಚಾಚಿದ. ಧೂಳೆದ್ದಿತು. ಅಂಪೈರ್ ಅಬೆಲಾರ್ದೊ ಮುಷ್ಟಿ ಎತ್ತಿ ಔಟ್ ಎಂದ, ಕೈ ಮುಟ್ಟಲೇ ಇಲ್ಲ ಎಂದ. ಅಲ್ಲಿಗೆ ಬೆಳ್ಳಕ್ಕಿಗಳು ಸೋತರು. ಅಬೆಲಾರ್ದೊ ಹೊರಗಿನವನಲ್ಲ, ಫೆರ್ಮಿನನ ಮನೆಯಿಂದ ಐದನೇ ಮನೆಯವನು. ಊರಿಗೆ ಪಕ್ಷಪಾತ ಮಾಡಿದ ಎನ್ನಿಸಿಕೊಳ್ಳುವ ಭಯಕ್ಕೇ ಹಾಗೆ ಮಾಡಿದ ಎಂದು ಜನ ಆಡಿಕೊಂಡರು.

ಜನವೆಲ್ಲ ಹೋದ ಮೇಲೆ ಫೆರ್ಮಿನ್ ಪ್ಲೇಟಿನ ಹತ್ತಿರ ಹೋಗಿ ನೋಡಿದ. ಬಿಳಿ ರಬ್ಬರಿನ ಮೇಲೆ ಕೆಂಪು ಮಣ್ಣಿನಲ್ಲಿ ನಾಲ್ಕು ಬೆರಳು ಮೂಡಿದ್ದವು. ಅವನು ಸುತ್ತ ಅಗೆದು ಪ್ಲೇಟನ್ನೇ ಕಿತ್ತು, ಮಗುವಿನ ಹಾಗೆ ತೋಳಲ್ಲಿ ಹಿಡಿದು ಮನೆಗೆ ತಂದು ಹಿತ್ತಲಲ್ಲಿ ಇಟ್ಟ. ಬೆಳಗ್ಗೆ ಲೀಗಿನವರಿಗೆ ತೋರಿಸುವುದೆಂದು ಮಲಗಿದ. ಕಾಸಿಲ್ದಾಳಿಗೆ ಹೇಳಲಿಲ್ಲ.

ಬೆಳಗ್ಗೆ ಮೊದಲು ಎದ್ದವಳು ಅವಳು. ಹಿತ್ತಲಲ್ಲಿ ಕೊಳಕು ಹಲಗೆಯೊಂದನ್ನು ಕಂಡಳು. ಗಂಡ ಮೈದಾನದ ಸಾಮಾನು ತೊಳೆಯಲು ತಂದಿದ್ದಾನೆ ಎಂದುಕೊಂಡು ಸೋಪು ಹಾಕಿ ತೆಂಗಿನ ನಾರಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಬಿಸಿಲಿಗೆ ಆನಿಸಿದಳು. ಫೆರ್ಮಿನ್ ಬಾಗಿಲಿಗೆ ಬಂದು ಅದನ್ನು ನೋಡಿದ. ಬೈಯಲಿಲ್ಲ. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಬೆರಳುಗಳ ಸಂಗತಿ ಅವಳಿಗೆ ಹೇಳಿ, ಪ್ಲೇಟನ್ನು ತಾನೇ ತೊಟ್ಟಿಯ ಮುಂದೆ ಹೂತು, "ಮಂಡಿಗೆ ಮೆತ್ತಗಿರುತ್ತೆ," ಎಂದ.

ಆಮೇಲೆ ಅವನು ಹೊರಗೆ ಎಲ್ಲಿಯೂ ಬೆರಳುಗಳ ಸುದ್ದಿ ಎತ್ತಲಿಲ್ಲ. ಎತ್ತಿದರೆ ಹೆಂಡತಿಯ ಹೆಸರು ಹೊರಬರುತ್ತದೆ, ಸಾನ್ ತೆಲ್ಮೊದ ಜನ ಅವಳನ್ನು ಸಾಯುವವರೆಗೂ ಬಿಡುವುದಿಲ್ಲ. ಅಬೆಲಾರ್ದೊನ ಜೊತೆ ಮಾತ್ರ ಮತ್ತೆಂದೂ ಮಾತಾಡಲಿಲ್ಲ. ಕಾಸಿಲ್ದಾ ಮೂವತ್ತಾರು ವರ್ಷ ತಾನು ಅಳಿಸಿದ್ದರ ಮೇಲೆಯೇ ಮಂಡಿಯೂರಿ ಗಂಡನ ಪ್ಯಾಂಟಿನ ಕೆಂಪು ಮಣ್ಣು ಒಗೆದಳು.

*

ಒಂದನೇ ಬೇಸು. ಎರಡನೇ ಬೇಸು. ಹಸಿರು ಹಾಸಿನ ಮೇಲೆ ಆರು ಜನರ ಬೂಟುಗಳು ಸದ್ದೇ ಮಾಡಲಿಲ್ಲ. ಮೂರನೇ ಬೇಸಿನಲ್ಲಿ ಪೆಟ್ಟಿಗೆ ನಿಂತಿತು. ಎದುರಿಗೆ ಹೋಮ್ ಪ್ಲೇಟಿನ ಜಾಗದಲ್ಲಿ ಕಬ್ಬಿಣದ ಕಂಬಗಳು, ಹಲಗೆಗಳು, ಆಳೆತ್ತರದ ಸ್ಪೀಕರುಗಳು. ರಿಂಕೋನನ ಪಕ್ಕ ಫೋಟೋದವನೊಬ್ಬ ಬಂದು ನಿಂತಿದ್ದ.

"ನಾಳೆ ದೊಡ್ಡ ಪರದೆ ಮೇಲೆ ಹಾಕ್ತೀವಮ್ಮ. ಶ್ರದ್ಧಾಂಜಲಿ," ಎಂದ ರಿಂಕೋನ್.

"ಕೆಲಸದಿಂದ ತೆಗೆದಾಗಲೂ ಪರದೆ ಮೇಲೆ ಹಾಕಬೇಕಿತ್ತು," ಎಂದಳು ಕಾಸಿಲ್ದಾ. "ಊರೆಲ್ಲ ನೋಡೋದು."

ಯುದೆಲ್ಕಾ ಬಂದಳು. ತೋಳಿನಲ್ಲಿ ಪ್ಲೇಟು, ಅಡಿಯಿಂದ ಹಿತ್ತಲಿನ ಕೆಂಪು ಕೆಸರು ತೊಟ್ಟಿಕ್ಕುತ್ತಿತ್ತು. ಕಾಸಿಲ್ದಾ ಅದನ್ನು ತಾನೇ ಹೊತ್ತು ಸ್ಟೇಜಿನ ಮುಂದಕ್ಕೆ ಒಯ್ದು ಹಸಿರು ಹಾಸಿನ ಮೇಲೆ ಊರಿದಳು. "ಅಮ್ಮ, ಹಾಸು ಹೊಸದು," ಎಂದ ರಿಂಕೋನ್. ಯಾರೂ ಅವನ ಕಡೆ ತಿರುಗಲಿಲ್ಲ. ಪೆಟ್ಟಿಗೆ ಮೂರನೇ ಬೇಸಿನಿಂದ ಬಂದು ಪ್ಲೇಟಿನ ಹತ್ತಿರ ಇಳಿಯಿತು.

ಈಗ ಅಂಪೈರು ಬೇಕು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರೂ ಹಿಂದಕ್ಕೆ ನೋಡಿದರು. ಅಲ್ಲಿ, ಮೆರವಣಿಗೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕಪ್ಪು ಟೋಪಿ ತೆಗೆದು ಎದೆಗೆ ಹಿಡಿದು ಅಬೆಲಾರ್ದೊ ನಿಂತಿದ್ದ. ಅವನಿಗೆ ಎಂಬತ್ತೊಂದು ವರ್ಷ.

"ಬಾ," ಎಂದಳು ಕಾಸಿಲ್ದಾ.

ಅವನು ಬಂದ. ಬಂದವನು ಪ್ಲೇಟನ್ನು ನೋಡಿದ ಕೂಡಲೇ ಗುರುತು ಹಿಡಿದ.

"ಇದು ಆವತ್ತಿನದು."

"ಹೌದು. ಫೆರ್ಮಿನ್ ಇದರ ಮೇಲೆ ಬೆರಳು ನೋಡಿದ್ರು. ನಾಲ್ಕೂ ಬೆರಳು. ನಾನು ಉಜ್ಜಿ ತೊಳೆದುಬಿಟ್ಟೆ." ಇಡೀ ಊರಿನ ಮುಂದೆ ಹೇಳಿದಳು. ಹೇಳಿ ಗಲ್ಲ ಎತ್ತಿ ನಿಂತಳು. "ಸಾಕ್ಷಿ ಅಳಿಸಿದ್ದು ನಾನು. ಏನು ಬೈತೀರೋ ಬೈರಿ."

ಯಾರೂ ಬೈಯಲಿಲ್ಲ. ಅಬೆಲಾರ್ದೊ ನೆಲ ನೋಡುತ್ತಾ ಮೆಲ್ಲಗೆ ಹೇಳಿದ: "ನಾಲ್ಕು ಬೆರಳು. ಗೊತ್ತು."

"ಹೇಗೆ ಗೊತ್ತು?"

"ಆಟ ಆಗೋವಾಗ ಕಾಣಲಿಲ್ಲ, ಕಾಸಿಲ್ದಾ. ಧೂಳು. ಚೆಂಡು ಹಿಡಿಯೋ ಕ್ಯಾಚರ್ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಎಲ್ಲರೂ ಹೋದ ಮೇಲೆ ಬಗ್ಗಿ ನೋಡಿದೆ. ಪ್ಲೇಟು ಒರೆಸೋ ಬ್ರಷ್ಷು ಜೇಬಲ್ಲೇ ಇತ್ತು, ಅಳಿಸಿಬಿಡಬಹುದಿತ್ತು. ಒರೆಸಲಿಲ್ಲ. ಫೆರ್ಮಿನ್ ನೋಡ್ತಾನೆ, ಅವನೇ ಹೇಳ್ತಾನೆ ಅಂದ್ಕೊಂಡೆ. ಅವನು ಹೇಳಲಿಲ್ಲ."

ಕಾಸಿಲ್ದಾ ಲೆಕ್ಕ ಹಾಕಿದಳು. ಒಬ್ಬನು ಹೆಂಡತಿಗಾಗಿ ಬಾಯಿ ಮುಚ್ಚಿಕೊಂಡ. ಇನ್ನೊಬ್ಬನು ತನಗಾಗಿ ಮುಚ್ಚಿಕೊಂಡ. ನಡುವೆ ತಾನು ಮೂವತ್ತಾರು ವರ್ಷ ತಪ್ಪು ತನ್ನದೆಂದುಕೊಂಡು ಮಂಡಿ ಸವೆಸಿದಳು, ಐದು ಮನೆಯಾಚೆ ಇವನು ಎಲ್ಲ ಗೊತ್ತಿದ್ದೂ ದಿನಾ ಕಾಫಿ ಕುಡಿದುಕೊಂಡಿದ್ದ.

"ಬ್ರಷ್ಷು ಜೇಬಲ್ಲಿತ್ತು," ಎಂದಳು. "ಬಾಯಿ ಎಲ್ಲಿತ್ತು?"

ಅಬೆಲಾರ್ದೊ ಕೋಟಿನ ಜೇಬಿಗೆ ಕೈ ಹಾಕಿ ಆ ಹಳೆಯ ಪುಟ್ಟ ಬ್ರಷ್ಷನ್ನು ತೆಗೆದ. ಕಷ್ಟಪಟ್ಟು ಬಗ್ಗಿ ಪ್ಲೇಟಿನ ಮೇಲಿನ ಕೆಸರು ಒರೆಸಿದ. ರಬ್ಬರಿನಲ್ಲಿ ಎರಡು ತಗ್ಗುಗಳು ಕಂಡವು, ಅಕ್ಕಪಕ್ಕ, ಎರಡು ಮಂಡಿಗಳಷ್ಟು ಅಗಲ. ಅವನು ಅವುಗಳ ಮೇಲೆ ಬೆರಳಾಡಿಸಿದ. ಇಲಾರಿಯೊ ರಟ್ಟೆ ಹಿಡಿದು ಎಬ್ಬಿಸಿದ. ಆರು ಜನ ಪೆಟ್ಟಿಗೆಯನ್ನು ಎತ್ತಿ ಪ್ಲೇಟಿನ ಮೇಲೆ ಇಳಿಸಿದರು.

ಅಬೆಲಾರ್ದೊ ಎರಡೂ ತೋಳು ಅಗಲಕ್ಕೆ ಚಾಚಿದ.

"ಸೇಫ್," ಎಂದ. ಎಂಬತ್ತೊಂದು ವರ್ಷದ ಗಂಟಲು, ಆದರೂ ಸ್ಟೇಜಿನ ಮೇಲಿದ್ದ ಕೆಲಸಗಾರರಿಗೂ ಕೇಳಿಸಿತು.

ಯಾರೋ ಚಪ್ಪಾಳೆ ಹೊಡೆದರು, ಇನ್ನೂ ಕೆಲವರು ಸೇರಿಕೊಂಡರು. ಅವನ ತೋಳುಗಳು ಕೆಳಗಿಳಿಯತೊಡಗಿದವು.

"ಇಳಿಸಬೇಡ," ಎಂದಳು ಕಾಸಿಲ್ದಾ.

ತೋಳುಗಳು ಅಲ್ಲೇ ನಿಂತವು.

ಅವಳು ಪೆಟ್ಟಿಗೆ ಎತ್ತಿಸಿದಳು, ಪ್ಲೇಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆರವಣಿಗೆಯ ಮುಂದೆ ನಡೆದಳು. ಪಾದ್ರಿ ಸ್ಮಶಾನದಲ್ಲಿ ಕಾಯುತ್ತಿದ್ದ. ಹಿಂದಿನಿಂದ ರಿಂಕೋನ್ ಹಾಸು ತೊಳೆಯೋಕೆ ನೀರು ತಾ, ಬೇಗ ನೀರು ತಾ ಎಂದು ನೊಲಾಸ್ಕೊನನ್ನು ಕರೆಯುವುದು ಕೇಳಿಸಿತು. ನೊಲಾಸ್ಕೊ ಗೇಟಿನ ಹತ್ತಿರ ಇನ್ನೊಬ್ಬನ ಬದಲಿಗೆ ಪೆಟ್ಟಿಗೆಗೆ ಹೆಗಲು ಕೊಡುತ್ತಿದ್ದ, ತಿರುಗಲಿಲ್ಲ.

ಗೇಟು ದಾಟುವ ಮುಂಚೆ ಕಾಸಿಲ್ದಾ ಒಂದು ಸಲ ಹಿಂದಕ್ಕೆ ನೋಡಿದಳು. ಅಷ್ಟಗಲದ ಹಸಿರು ಹಾಸಿನ ಮೇಲೆ ಅಷ್ಟು ಜನ ನಡೆದು ಹೋದರೂ ಒಂದು ಹೆಜ್ಜೆಯೂ ಮೂಡಿರಲಿಲ್ಲ. ಸ್ಟೇಜಿನ ಮುಂದೆ ಐದು ಮೂಲೆಯ ಒಂದು ಕೆಂಪು ಕೆಸರಿನ ಗುರುತು ಇತ್ತು. ಅದರ ಹಿಂದೆ ಮುದುಕ ಒಬ್ಬನೇ, ಬಿಸಿಲಲ್ಲಿ, ತೋಳು ಚಾಚಿಕೊಂಡೇ ನಿಂತಿದ್ದ.