ಕಡೆಯ ಅಕ್ಷರದಲ್ಲಿ ನಿಂತವಳು

ಸಿರುಗುಪ್ಪದ ಬಸ್ ನಿಲ್ದಾಣದೆದುರಿನ ಟೈಪಿಂಗ್ ಅಂಗಡಿಯಲ್ಲಿ ನೇತ್ರಾ ದಿನವಿಡೀ ಊರವರ ಅರ್ಜಿಗಳನ್ನು ಬಡಿಯುತ್ತಿದ್ದಳು. ಎಂಟನೇ ತರಗತಿಗೆ ಶಾಲೆ ಬಿಟ್ಟು, ಕರೂರಿನ ಗದ್ದೆಗಳಲ್ಲಿ ನಾಲ್ಕು ವರ್ಷ ಭತ್ತದ ಸಸಿ ನೆಟ್ಟವಳು. ಕೀಲಿಮಣೆಯ ಮೇಲೆ ಬೆರಳು ಚುರುಕು, ಬಾಯಿ ಮಾತ್ರ ತೆರೆಯದು. ಗಿರಾಕಿಗಳು ಹೆಸರು ಕೇಳಿದರೂ ತಲೆ ತಗ್ಗಿಸುವಳು.

ಮಧ್ಯಾಹ್ನ ಮಾಲೀಕ ಮೈಲಾರಪ್ಪ ಊಟಕ್ಕೆ ಹೊರಟೊಡನೆ ಅವಳು ಬ್ರೌಸರಿನಲ್ಲಿ ಒಂದು ಆಟದ ತಾಣ ತೆರೆಯುತ್ತಿದ್ದಳು. ಏನನ್ನೂ ಇಳಿಸಿಕೊಳ್ಳಬೇಕಿರಲಿಲ್ಲ, ಲಿಂಕ್ ಒತ್ತಿ ಹೆಸರು ಬರೆದರೆ ಕೋಣೆಯೊಳಗೆ ಜಾಗ. ತೆರೆಯಲ್ಲಿ ಬಂದ ಸಾಲುಗಳನ್ನು ಟೈಪಿಸಿದಂತೆಲ್ಲ ಒಬ್ಬೊಬ್ಬರ ಸೈಕಲ್ಲು ಮುಂದೋಡುತ್ತಿತ್ತು; ಯಾರು ಎಲ್ಲಿ ತಪ್ಪಿದರೆಂಬುದೂ ಎಲ್ಲರಿಗೂ ಕಾಣುತ್ತಿತ್ತು. ಕೋಣೆ ಕಟ್ಟಿದವನು ಬಳ್ಳಾರಿಯ ಶೇಖರ್, ಜೀನ್ಸ್ ಹೊಲಿಯುವ ಕಾರ್ಖಾನೆಯ ಗುಮಾಸ್ತ. ಜತೆಗೆ ಅವನ ಗೆಳೆಯ ಹುಲುಗೇಶ್, ಆಮೇಲೆ ಕುರುಗೋಡಿನ ಹೇಮಾ. ಇಬ್ಬರು ಮಕ್ಕಳ ತಾಯಿ ಹೇಮಾ ಟೈಪಿಂಗ್ ಪರೀಕ್ಷೆಗೆಂದು ಕಲಿಯುತ್ತಿದ್ದಳು, ಬಲು ನಿಧಾನ. ಮೂವರೂ ಮೈಕಿನಲ್ಲಿ ಹರಟುವರು. ನೇತ್ರಾ ಮೈಕು ಮುಚ್ಚಿಕೊಂಡು ಬರೀ ಕೇಳುವಳು. ದಿನದಲ್ಲಿ ಅವಳಿಗೆ ಸಿಗುತ್ತಿದ್ದ ಗೆಳೆತನ ಅದೊಂದು ಗಂಟೆ ಮಾತ್ರ.

ಅವತ್ತೂ ಅವಳು ಎಲ್ಲರಿಗಿಂತ ಮೊದಲು ಕಡೆಯ ಅಕ್ಷರ ತಲುಪಿ ನಿಂತಳು. ಮೂರು ದಿನದಿಂದ ಹೀಗೇ. ಹೇಮಾಳ ಸೈಕಲ್ಲು ಹತ್ತಿರ ಬಂದ ಮೇಲೆಯೇ ಆ ಅಕ್ಷರ ಒತ್ತುವಳು. ಕರೂರಿನ ನಾಟಿ ಹೆಂಗಸರ ರೀತಿಯೇ ಅದು: ತನ್ನ ಸಾಲು ಮುಗಿಯಿತೆಂದು ಒಬ್ಬಳೇ ಬದು ಹತ್ತುವಂತಿಲ್ಲ, ಹಿಂದುಳಿದವಳು ಬರುವ ತನಕ ಕೆಸರಿನಲ್ಲೇ ನಿಲ್ಲಬೇಕು.

"ಶೇಖರಣ್ಣ, ಈಕಿನ್ನ ನೋಡ್ರಿ," ಹೇಮಾಳ ದನಿ ಬಿರುಸಾಗಿತ್ತು. "ದಿನಾ ಮುಂದ ಬಂದು ನಿಂದ್ರತಾಳ. ನಾ ಬಂದ ಕೂಡ್ಲೆ ಟಪ್ ಅಂತ ಒತ್ತತಾಳ. ಆಡಿಕೊಳ್ಳಾಕ ನಾನ ಬೇಕಾಗಿತ್ತೇನು?"

"ಮಾತಿಲ್ಲ, ಕತಿ ಇಲ್ಲ. ಮನಷ್ಯಾಳಲ್ಲ ಬಿಡ್ರಿ, ಮಿಷನ್ನು," ಹುಲುಗೇಶ್ ನಕ್ಕ. "ಲೇ ಶೇಖರಾ, ಹೊರಗ ಹಾಕು."

ತೆರೆಯ ಮೇಲೆ ಮತದ ಚೌಕ ತೆರೆಯಿತು: ನೇತ್ರಾಳನ್ನು ತೆಗೆಯಬೇಕೆ? ಮೂವತ್ತು ಸೆಕೆಂಡು. ಮೂರು ಮತ ಬಿದ್ದರೆ ಈ ಕೋಣೆಗೆ ಮತ್ತೆ ಬರುವಂತಿಲ್ಲ. ಹುಲುಗೇಶನ 'ಹೌದು' ಬಿತ್ತು, ಶೇಖರನದೂ ಬಿತ್ತು. ಹೇಮಾಳದೊಂದು ಬಾಕಿ.

ನೇತ್ರಾ ಬರೆದು ತಿಳಿಸಹೋದಳು. ಆದರೆ ಮತ ನಡೆಯುವಾಗ ಚಾಟ್ ಮುಚ್ಚಿರುತ್ತದೆ. ಹನ್ನೆರಡು ಸೆಕೆಂಡು ಉಳಿದಾಗ ಮೈಕು ಒತ್ತಿದಳು.

"ಅಕ್ಕಾ... ನಾ ಆಡಿಕೊಂಡಿಲ್ಲ. ನಮ್ಮ ಕರೂರಾಗ ಸಸಿ ಹಚ್ಚುವಾಗ ಒಬ್ಬಾಕಿನ ಬದು ಹತ್ತಿದ್ರ ಬೈತಾರ. ಅದಕ್ಕ ನಿಂತಿದ್ನಿ."



"ಅಯ್ಯ ಹುಚ್ಚಿ! ನಾನೂ ಸಸಿ ಹಚ್ಚಿದಾಕಿನ," ಎಂದಳು ಹೇಮಾ. "ನಿಂತಾಕಿ ಬಾಯಿ ಬಿಟ್ಟು ಕರೀಬೇಕಲ್ಲ! ಗುಮ್ಮನಂಗ ನಿಂತ್ರ ನನಗ ಹೆಂಗ ತಿಳೀಬೇಕು?"

ಅವಳ ಮತ 'ಬೇಡ' ಎಂದು ಬಿತ್ತು. ಚೌಕ ಮುಚ್ಚಿತು.

"ಈ ಸಲ ಕಾಯಬ್ಯಾಡ, ಓಡು. ಪರೀಕ್ಷಾದಾಗ ನನಗ್ಯಾರು ಕಾಯ್ತಾರ? ಗುರಿ ಮುಟ್ಟಿ ಕರಿ, ಬರ್ತೀನಿ."

ಊಟ ಮುಗಿಸಿ ಬಂದ ಮೈಲಾರಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ನೇತ್ರಾ ಗುರಿ ಮುಟ್ಟಿ, ಕುರ್ಚಿಯಿಂದ ಅರ್ಧ ಎದ್ದು ಕೂಗುತ್ತಿದ್ದಳು: "ಬಾರಕ್ಕಾ, ಇನ್ನೆರಡ ಪದ! ಏ, ಒತ್ತಕ್ಷರ ಬಿಟ್ಟಿ ನೋಡು, ಹಿಂದಕ್ಕ ಹೋಗು! ಹಾಂ... ಬಾ, ಬಾ!"