ಏಳನೆಯ ಮೆಟ್ಟಿಲು

ಅಕ್ಕ ತೀರಿಹೋದಳೆಂಬ ಸುದ್ದಿ ಬಂದಾಗ ಅಂಟಜ್ಜನ ಕೈ ಅಂಟಿನ ಬಟ್ಟಲಿನಲ್ಲಿತ್ತು. ಪುಸ್ತಕಕ್ಕೆ ರಟ್ಟು ಕಟ್ಟುವುದರಲ್ಲೇ ಐವತ್ತು ವರ್ಷ ಸವೆಸಿದ ಅವರನ್ನು ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಫೋನಿನಲ್ಲಿ ಅಕ್ಕನ ಮಗಳು, "ಮಾವ, ಅಮ್ಮ ಕುರ್ಚೀಲಿ ಕೂತಲ್ಲೇ..." ಎಂದಳು. ಅಜ್ಜ ಕೈ ತೊಳೆದುಕೊಂಡರು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದುಕೊಂಡರು.

ಅಕ್ಕ ಚಿತ್ರ ಬರೆಯುವವಳು. ಬಾಳಿಗೆ ಏಳು ಮೆಟ್ಟಿಲೆಂದು ಹೇಳುವ ಹಳೆಯ ಕಥೆಯ ಪುಸ್ತಕಕ್ಕೆ ಏಳು ಚಿತ್ರ ಬರೆದಿಟ್ಟು ಹೋಗಿದ್ದಳು.

ಹದಿನೈದು ದಿನದ ಮೇಲೆ ಆ ಪುಸ್ತಕದ ಪ್ರಕಾಶಕ ಏದುಸಿರು ಬಿಡುತ್ತ ಮೂರನೇ ಮಹಡಿಯಲ್ಲಿದ್ದ ಅಜ್ಜನ ಕೋಣೆಗೆ ಬಂದ.

"ಅಜ್ಜಾ, ಕೊನೇ ಚಿತ್ರ ಅಕ್ಕ ಮುಗಿಸಿಲ್ಲ. ಬೇರೆಯವರ ಕೈಲಿ ಬರೆಸಿದೀನಿ. ಇದನ್ನೇ ಬೇರೆ ಹಾಳೇಲಿ ಅಚ್ಚು ಹಾಕಿಸ್ತೀನಿ, ಎಂದಿನ ಹಾಗೆ ನೀವು ಪುಸ್ತಕದೊಳಗೆ ಅಂಟಿಸಿಕೊಡಿ."

ಹೊಸ ಚಿತ್ರದಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳು ಕೋಲೂರಿಕೊಂಡು ಕೆಳಗಿಳಿಯುತ್ತಿದ್ದಳು.

"ಅಕ್ಕಂದು ಎಲ್ಲಿ?" ಎಂದರು ಅಜ್ಜ.

ಪ್ರಕಾಶಕ ಚೀಲದಿಂದ ತೆಗೆದುಕೊಟ್ಟ ಅಕ್ಕನ ಚಿತ್ರದಲ್ಲಿ ಮೆಟ್ಟಿಲುಗಳೆಲ್ಲ ಮೇಲಕ್ಕೇ ಹೋಗಿದ್ದವು. ಏಳನೆಯದರ ಮೇಲೆ ಮುದುಕಿ ಸೆರಗು ಸಿಕ್ಕಿಸಿ, ಒಂದು ಕಾಲೆತ್ತಿ ನಿಂತಿದ್ದಳು. ಮುಂದೆ ಬರೀ ಬಿಳಿ ಕಾಗದ.

"ನೋಡಿ, ಅರ್ಧ ಖಾಲಿ. ಪಾಪ, ಅಷ್ಟರಲ್ಲಿ..."

ಅಂಟಿಸುವವನ ಕಣ್ಣು ಮೊದಲು ಹೋಗುವುದು ಚಿತ್ರದ ಹಿಂಬದಿಗೆ. ಅಜ್ಜ ಅದನ್ನು ಮಗುಚಿದರು. ಪೆನ್ಸಿಲಿನಲ್ಲಿ ಬರೆದಿತ್ತು: "ಇಪ್ಪತ್ತನಾಲ್ಕನೇ ಪುಟದ ಎದುರಿಗೆ. ತಮ್ಮಾ, ಅಂಟು ಕಮ್ಮಿ ಹಾಕೋ, ಹೋದ ಸಲ ಪುಟ ಸುಕ್ಕುಗಟ್ಟಿತ್ತು."

ಅಜ್ಜನಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ಚಿತ್ರ ಮುಗೀದೆ ಅವಳು ಹಿಂದುಗಡೆ ಒಂದಕ್ಷರ ಬರೆದೋಳಲ್ಲ. ಇದು ಮುಗಿದಿದೆ."

"ಆದರೂ ಮುಪ್ಪು ಅಂದ್ರೆ ಇಳಿಯೋದಲ್ವಾ ಅಜ್ಜಾ? ಎಲ್ಲರೂ ಹಾಗೇ ಬರೀತಾರೆ."

"ಎಲ್ಲರೂ ಬರೀತಾರೆ, ಸರಿ. ಕಥೇಲಿ ಇಳಿದಳು ಅಂತ ಎಲ್ಲಿದೆ? ತೋರಿಸಿ."

ಪ್ರಕಾಶಕ ಕಥೆಯ ಅಚ್ಚಾದ ಹಾಳೆಗಳನ್ನು ತಿರುವಿಹಾಕಿದ. 'ಏಳನೆಯ ಮೆಟ್ಟಿಲಲ್ಲಿ ಮುದುಕಿ ನಿಂತಳು' ಎಂದಷ್ಟೇ ಇತ್ತು.

"ಎಪ್ಪತ್ತನಾಲ್ಕು ನನಗೆ," ಎಂದರು ಅಜ್ಜ. "ದಿನಾ ಈ ಮೂರು ಮಹಡಿ ಹತ್ತಿ ಬರ್ತೀನಿ. ನಲವತ್ತರ ನೀವು ಏದುಸಿರು ಬಿಡ್ತಿದೀರಿ. ನಮ್ಮನ್ನ ಇಳಿಸೋಕೆ ಬಂದ್ರಾ? ಅವಳದನ್ನ ಹಾಕೋದಾದ್ರೆ ಹಾಕಿ. ಇಲ್ದಿದ್ರೆ ಬೇರೆ ಕೈ ಹುಡುಕಿಕೊಳ್ಳಿ. ನಾನಂತೂ ಈ ಕೋಲಿನ ಮುದುಕೀನ ಮುಟ್ಟಲ್ಲ!"

ಕೈಯಲ್ಲಿ ಚಿತ್ರ ಅಂಟಿಸಬಲ್ಲವರು ಊರಲ್ಲಿ ಅವರೊಬ್ಬರೇ ಉಳಿದಿದ್ದರು. ಪ್ರಕಾಶಕ ಆ ಪೆನ್ಸಿಲ್ ಬರಹವನ್ನು ಮತ್ತೊಮ್ಮೆ ಓದಿದ. ಆಮೇಲೆ ತಾನು ತಂದ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಅಕ್ಕನದನ್ನು ಜೋಪಾನವಾಗಿ ಚೀಲಕ್ಕಿಳಿಸಿದ.

"ಇದನ್ನೇ ಅಚ್ಚಿಗೆ ಕಳಿಸ್ತೀನಿ. ಆದ್ರೆ ಅಜ್ಜಾ, ಅಂಟು ಕಮ್ಮಿ ಹಾಕಿ."

"ಹೋಗಯ್ಯಾ, ನೀನೂ ಶುರು ಮಾಡಿದ್ಯಾ!"

ಅಚ್ಚಾದ ಚಿತ್ರಗಳು ಬಂದ ಬೆಳಿಗ್ಗೆ ಅಜ್ಜ ಮೊದಲ ಪ್ರತಿಯ ಇಪ್ಪತ್ತನಾಲ್ಕನೇ ಪುಟ ತೆರೆದರು. ಚಿತ್ರದ ಅಂಚಿಗೆ ತೆಳ್ಳಗೆ ಅಂಟು ಸವರಿ, ಕೂರಿಸಿ, ಅಂಗೈಯಲ್ಲಿ ಒತ್ತಿ ಹಿಡಿದರು. ಒಂದು ಸುಕ್ಕೂ ಬೀಳಲಿಲ್ಲ. ಹಿಡಿದ ಕೈ ತೆಗೆಯದೆ ಕಣ್ಣು ಮುಚ್ಚಿದರು.

"ದೇವರೇ, ನಮ್ಮಕ್ಕ ಹತ್ತಿಕೊಂಡೇ ನಿನ್ನ ಹತ್ತಿರ ಬಂದಿದ್ದಾಳೆ. ದಣಿದಿದ್ದಾಳೆ. ಬಾಗಿಲು ತೆಗೆದು, ಕೂರಿಸಿ, ಅವಳ ಜೀವಕ್ಕೆ ನೆಮ್ಮದಿ ಕೊಡು ತಂದೆ."